ಬಿದ್ದ ಹೆಮ್ಮರವನ್ನು ಬಿದ್ದಲ್ಲಿಯೇ ಹಲಗೆ ಮಾಡುವ ಕ್ರಮ

(ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಗ್ರಾಮ ಮುಖಂಡರಿಗೂ ಭೂಮಾಲಿಕರಿಗೂ)

ಕಾರವಾರ, ಅಂಕೋಲಾ ತಾಲೂಕುಗಳಿಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಇಳಿಜಾರು. ವರ್ಷದ ಮಳೆಯ ಬಹುಭಾಗವು ಜೂನ್ ತಿಂಗಳಿಂದ ಸಪ್ಟೆಂಬರ್ ತಿಂಗಳೊಳಗಾಗಿ ಸುರಿದುಹೋಗುವುದರಿಂದ, ನೆಲವು ನೆನೆದು ಸಡಿಲಾದ ಹೊತ್ತಿನಲ್ಲಿ ಗಾಳಿ ಎದ್ದರೆ ಹಳೆಯ ಮರಗಳು ಬುಡಸಮೇತ ಉರುಳುವುದು ಇಲ್ಲಿ ಹೊಸತಲ್ಲ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿಯೂ 2021ನೆಯ ಇಸವಿಯ ಜುಲೈ ತಿಂಗಳಲ್ಲಿಯೂ ಕಾಳಿ, ಗಂಗಾವಳಿ ನದಿಗಳು ದಡ ಮೀರಿ ಹರಿದುವು. 2021ನೆಯ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ಈ ಕರಾವಳಿಯ ಬದಿಯಿಂದ ಹಾದುಹೋಯಿತು. ಇಂತಹ ಪ್ರತಿಯೊಂದು ಉತ್ಪಾತದ ತರುವಾಯ ತೋಟದ ಅಂಚಿನಲ್ಲಿ, ಗದ್ದೆಯ ಹಾಳಿಯ ಮೇಲೆ, ಮನೆಯ ಹಿತ್ತಿಲಲ್ಲಿ ಹಲಸು, ಮಾವು, ಮತ್ತಿ, ನಂದಿ, ಹೆಬ್ಬಲಸು ಮೊದಲಾದ ದೊಡ್ಡ ಮರಗಳು ಒರಗಿ ಬಿದ್ದಿರುವುವು.

ಹೀಗೆ ಬಿದ್ದ ಮರದ ಗತಿಯು ಸಾಮಾನ್ಯವಾಗಿ ಒಂದೇ. ದಾರಿ ಬಿಡಿಸುವ ಅವಸರದಲ್ಲಿ ಅದನ್ನು ಮೂರು ನಾಲ್ಕು ಅಡಿಗಳ ತುಂಡುಗಳಾಗಿ ಕಡಿದುಹಾಕುವರು. ಕೊಂಬೆಗಳು ಒಲೆಗೆ ಹೋಗುವುವು, ಕಾಂಡವು ಮಳೆಯಲ್ಲಿ ನೆನೆದು ಗೆದ್ದಲಿನ ಪಾಲಾಗುವುದು. ಎರಡು ತಲೆಮಾರು ಬೆಳೆದ ಮರದಿಂದ ಒಂದು ಬಾಗಿಲಿನ ದಾರಂದವೂ ದೊರೆಯುವುದಿಲ್ಲ. ಅದೇ ವರ್ಷ ಅದೇ ಒಡೆಯನು ಕೊಟ್ಟಿಗೆಯ ಜಂತಿಗೆಂದು ಪೇಟೆಯಿಂದ ಮರವನ್ನು ಕ್ರಯಕ್ಕೆ ತರುವನು. ಈ ನಷ್ಟಕ್ಕೆ ಕಾರಣವು ಅಲಕ್ಷ್ಯವೊಂದೇ ಅಲ್ಲ. ದಿಮ್ಮಿಯ ಭಾರವೂ ಕಾರಣ. ಎಂಟು ಅಡಿ ಸುತ್ತಳತೆಯ, ಹನ್ನೆರಡು ಅಡಿ ಉದ್ದದ ಒಂದು ಹಸಿ ಮತ್ತಿಯ ದಿಮ್ಮಿಯು ಸುಮಾರು ಎರಡು ಟನ್ನು ತೂಗುವುದು. ಅಡಿಕೆ ತೋಟದ ಕಾಲುದಾರಿಯಲ್ಲಿ ಅಂತಹದನ್ನು ಲಾರಿಯವರೆಗೆ ಸಾಗಿಸುವುದು ಅಸಾಧ್ಯವೆಂದೇ ಹೇಳಬಹುದು.

ದಿಮ್ಮಿಯು ಗರಗಸದ ಬಳಿಗೆ ಹೋಗಲಾರದಿದ್ದರೆ ಗರಗಸವು ದಿಮ್ಮಿಯ ಬಳಿಗೆ ಬರಬೇಕು. ಇದು ಹಳೆಯ ಕಾಲದ ರೀತಿಯೇ ಆಗಿದೆ. ಯಂತ್ರಗಳಿಲ್ಲದ ಕಾಲದಲ್ಲಿ ಕೊಯ್ಯುವವರು ಮರ ಬಿದ್ದಲ್ಲಿಗೇ ಹೋಗಿ, ಗುಂಡಿ ತೋಡಿ ಅಥವಾ ಅಟ್ಟಣೆ ಕಟ್ಟಿ, ಒಬ್ಬನು ಮೇಲೆ ಇನ್ನೊಬ್ಬನು ಕೆಳಗೆ ನಿಂತು ಹಲಗೆ ಕೊಯ್ಯುತ್ತಿದ್ದರು. ಆ ಕೆಲಸ ಬಲ್ಲ ಜೋಡಿಗಳು ಈಗ ವಿರಳ. ಅವರ ಸ್ಥಾನವನ್ನು ಸಾಗಿಸಬಲ್ಲ ಕೊಯ್ಯುವ ಯಂತ್ರವು ತುಂಬಬಲ್ಲದು. ಆದರೆ ಯಂತ್ರವು ಬಂದ ಮಾತ್ರದಿಂದ ಮರ ಉಳಿಯುವುದಿಲ್ಲ. ಅದು ಬರುವುದಕ್ಕೆ ಮುಂಚಿನ ಕೆಲಸವೂ ಅದು ಹೋದ ಮೇಲಿನ ಕೆಲಸವೂ ಕೊಯ್ತದಷ್ಟೇ ಮುಖ್ಯವಾದುವು. ಅವನ್ನು ಕ್ರಮವಾಗಿ ಇಲ್ಲಿ ವಿವರಿಸಲಾಗಿದೆ.

1. ಮರವು ಯಾರದೆಂಬ ನಿರ್ಣಯ

ಕೊಡಲಿ ಹಾಕುವ ಮೊದಲು ನಿಶ್ಚಯಿಸಬೇಕಾದುದು ಒಡೆತನ. ಸ್ವಂತ ಹಿಡುವಳಿಯಲ್ಲಿ ಬಿದ್ದ ಮರ, ಬೆಟ್ಟದಲ್ಲಿ ಬಿದ್ದ ಮರ, ಹೊಳೆಯಲ್ಲಿ ತೇಲಿಬಂದ ಮರ ಇವು ಮೂರೂ ಕಾಯಿದೆಯ ದೃಷ್ಟಿಯಲ್ಲಿ ಬೇರೆ ಬೇರೆ.

ಸ್ವಂತ ಹಿಡುವಳಿಯ ಮರಗಳಿಗೆ 1976ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಅನ್ವಯಿಸುವುದು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಉಳಿದುವು ಗಾಳಿಗೆ ಬಿದ್ದಿದ್ದರೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ವರದಿ ಕೊಟ್ಟು, ಅವರು ಸ್ಥಳ ನೋಡಿದ ಮೇಲೆಯೇ ಕೆಲಸ ಹಿಡಿಯುವುದು ಕ್ಷೇಮ. ಅಡಿಕೆ ತೋಟಕ್ಕೆ ಸೊಪ್ಪಿಗಾಗಿ ಬಿಟ್ಟುಕೊಟ್ಟ ಬೆಟ್ಟದ ಭೂಮಿಯಲ್ಲಿ ತೋಟಗಾರನಿಗೆ ಇರುವುದು ಸೊಪ್ಪು, ದರಕು ಮುಂತಾದುವುಗಳ ಸವಲತ್ತು, ಭೂಮಿಯ ಒಡೆತನವಲ್ಲ. ಆದುದರಿಂದ ಅಲ್ಲಿ ಉರುಳಿದ ಮತ್ತಿಯನ್ನು ತನ್ನ ಮರವೆಂದು ಭಾವಿಸಿ ಕೊಯ್ದವನು ಅಪರಾಧಕ್ಕೆ ಗುರಿಯಾಗುವನು.

ನೆರೆಯಲ್ಲಿ ತೇಲಿಬಂದ, ದಡಕ್ಕೆ ತಾಗಿದ ಅಥವಾ ಹೊಳೆಯಲ್ಲಿ ಮುಳುಗಿದ ನಾಟವು, ಬೇರೊಬ್ಬನು ತನ್ನ ಹಕ್ಕನ್ನು ಸ್ಥಾಪಿಸುವ ತನಕ, 1963ನೆಯ ಕರ್ನಾಟಕ ಅರಣ್ಯ ಕಾಯಿದೆಯ ಮೇರೆಗೆ ಸರಕಾರದ ಸ್ವತ್ತೆಂದೇ ಗಣನೆ. ಇದರ ಹಿಂದಿನ ನ್ಯಾಯವನ್ನು ಅಂಕೋಲಾ ತಾಲೂಕಿನವರಿಗೆ ವಿವರಿಸಬೇಕಾಗಿಲ್ಲ. 2024ನೆಯ ಜುಲೈ 16ರಂದು ಶಿರೂರಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದಾಗ, ನಾಟ ಹೇರಿಕೊಂಡು ನಿಂತಿದ್ದ ಲಾರಿಯೊಂದು ಗಂಗಾವಳಿಯ ಪಾಲಾಯಿತು. ಅದನ್ನು ನದಿಯ ತಳದಿಂದ ಮೇಲೆತ್ತಲು ಸಪ್ಟೆಂಬರ್ 25ರ ವರೆಗೆ ಕಾಯಬೇಕಾಯಿತು. ಇಂತಹ ವೇಳೆಯಲ್ಲಿ ದಡಕ್ಕೆ ಬಂದ ಒಂದು ತುಂಡು ಮರವೂ ಹುಡುಕುವವರಿಗೆ ಗುರುತಾಗಬಹುದು, ಕಳೆದುಕೊಂಡವರಿಗೆ ಸುಳುವಾಗಬಹುದು. ಆದುದರಿಂದ ತೇಲಿಬಂದ ಮರವನ್ನು ಯಾರೂ ಕಡಿಯದಂತೆ ನೋಡಿಕೊಂಡು, ಸಾಧ್ಯವಾದರೆ ಹಗ್ಗದಿಂದ ಬಿಗಿಸಿ, ಕೂಡಲೆ ಅರಣ್ಯ ಇಲಾಖೆಗೂ ಪೋಲೀಸ್ ಠಾಣೆಗೂ ತಿಳಿಸುವುದು ಗ್ರಾಮ ಮುಖಂಡರ ಕರ್ತವ್ಯ. ನೆರೆಯ ನೀರಿನಲ್ಲಿ ಇಳಿದು ದಿಮ್ಮಿ ಹಿಡಿಯುವ ಸಾಹಸಕ್ಕೆ ತರುಣರನ್ನು ಬಿಡಬಾರದು.

ಯಂತ್ರಕ್ಕೂ ಕಟ್ಟು ಉಂಟು. 1996ನೆಯ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಅರಣ್ಯಗಳ ವಿಷಯದಲ್ಲಿ ಆಜ್ಞೆ ಮಾಡಿದಂದಿನಿಂದ ಮರ ಕೊಯ್ಯುವ ಗಿರಣಿಗಳ ಮೇಲೆ ಕಟ್ಟುನಿಟ್ಟಾದ ನಿಯಂತ್ರಣವಿದೆ. 2016ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ಇವುಗಳಿಗಾಗಿ ಮಾರ್ಗಸೂಚಿಗಳನ್ನು ಹೊರಡಿಸಿತು. ಗಿರಣಿಯು ಚಕ್ರಗಳ ಮೇಲಿದೆ ಎಂಬ ಮಾತ್ರಕ್ಕೆ ಈ ಕಟ್ಟಿನಿಂದ ಹೊರಗೆಂದು ತಿಳಿಯಬಾರದು. ಯಂತ್ರದವನಲ್ಲಿ ಅಧಿಕಾರ ಪತ್ರವಿದೆಯೇ ಎಂದು ನೋಡಿ, ಇಂತಹ ಸ್ಥಳದಲ್ಲಿ ಇಂತಿಷ್ಟು ದಿಮ್ಮಿಗಳನ್ನು ಕೊಯ್ಯಲಿರುವೆವೆಂದು ಬರೆದು ಅನುಮತಿ ಪಡೆಯತಕ್ಕದ್ದು. ಕೊಯ್ದ ಹಲಗೆಯನ್ನು ಬೇರೆಡೆಗೆ ಸಾಗಿಸುವುದಾದರೆ ರಹದಾರಿ ಬೇಕೇ ಎಂಬುದನ್ನೂ ಅದೇ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

2. ಅನುಮತಿ ಬರುವ ತನಕ ದಿಮ್ಮಿಯ ರಕ್ಷಣೆ

ಬಿದ್ದ ಮರದ ಬೆಲೆಯು ಹೆಚ್ಚಾಗಿ ಮೊದಲ ಒಂದೆರಡು ತಿಂಗಳುಗಳಲ್ಲಿಯೇ ನಿರ್ಧಾರವಾಗುವುದು. ಮಾವಿನಂತಹ ಮೆದುಮರಕ್ಕೆ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿದು ನೀಲಿ ಕಲೆ ಏರುವುದು. ಸಿಪ್ಪೆಯ ಕೆಳಗೆ ಕೊರಕ ಹುಳುಗಳು ಮೊಟ್ಟೆಯಿಡುವುವು. ಸಾಗುವಾನಿ, ಹೊನ್ನೆ, ಜಂಬೆಗಳ ಕೆಚ್ಚು ಬಹುಕಾಲ ತಾಳುವುದಾದರೂ ಹೊರಗಣ ಬಿಳಿಯ ಭಾಗಕ್ಕೆ ಆ ಶಕ್ತಿಯಿಲ್ಲ. ಆದುದರಿಂದ ಮೊದಲು ಕೊಯ್ಯಬೇಕಾದುದು ಮಾವು. ಕೆಚ್ಚುಳ್ಳ ಮರಗಳು ಸರದಿ ಕಾಯಬಲ್ಲವು.

ದಿಮ್ಮಿಯನ್ನು ತುಂಡರಿಸಲೇಬೇಕಾದರೆ ಎಂಟು, ಹತ್ತು, ಹನ್ನೆರಡು ಅಡಿಗಳ ಉಪಯುಕ್ತ ಉದ್ದಗಳನ್ನು ಗುರುತುಮಾಡಿ ಕತ್ತರಿಸಬೇಕು. ತೀರ ಮೋಟು ತುಂಡಿನಿಂದ ಪಕಾಸಾಗಲಿ ತೊಲೆಯಾಗಲಿ ಆಗದು. ಕತ್ತರಿಸಿದ ತುದಿಗಳು ಬೇಗ ಒಣಗಿ ಬಿರಿಯುವುದರಿಂದ ಅಂದೇ ಅವುಗಳಿಗೆ ಡಾಂಬರನ್ನಾಗಲಿ ದಪ್ಪ ಬಣ್ಣವನ್ನಾಗಲಿ ಬಳಿಯತಕ್ಕದ್ದು. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲುಗಳ ಮೇಲೆ ದಿಮ್ಮಿಯನ್ನು ಏರಿಸಿ, ಸಿಪ್ಪೆ ಸುಲಿದು, ಮೇಲೆ ಮಡಲಿನ ಚಪ್ಪರ ಹಾಕಿದರೆ ಗೆದ್ದಲೂ ಬಿಸಿಲೂ ತಡೆಯುವುವು.

ಇನ್ನೊಂದು ಉಪಾಯವು ದಿಮ್ಮಿಯನ್ನು ಪೂರ್ಣವಾಗಿ ನೀರಿನಲ್ಲಿ ಮುಳುಗಿಸಿಡುವುದು. ತುಂಬ ನೆನೆದ ಮರದಲ್ಲಿ ಗಾಳಿಯಿಲ್ಲದುದರಿಂದ ಬೂಷ್ಟಿಗೂ ಹುಳುವಿಗೂ ಆಸ್ಪದವಿಲ್ಲ. 1938ನೆಯ ಇಸವಿಯ ಸಪ್ಟೆಂಬರಿನಲ್ಲಿ ಅಮೆರಿಕದ ಈಶಾನ್ಯ ಸಂಸ್ಥಾನಗಳಲ್ಲಿ ಚಂಡಮಾರುತಕ್ಕೆ ಅಪಾರವಾದ ಮರಗಳು ಬಿದ್ದಾಗ, ಅಲ್ಲಿಯ ಸರಕಾರವು ದಿಮ್ಮಿಗಳನ್ನು ಕೊಂಡು ಕೆರೆಗಳಲ್ಲಿ ಮುಳುಗಿಸಿಟ್ಟು, ಸಾಗಿಸಬಲ್ಲ ಗಿರಣಿಗಳಿಂದ ಕ್ರಮೇಣ ಕೊಯ್ಯಿಸಿತು. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಟರ್ಕಿ ಪಾಂಡ್ ಎಂಬ ಕೆರೆಯ ದಿಮ್ಮಿಗಳನ್ನು ಕೊಯ್ಯುವ ಕೆಲಸಕ್ಕೆ, ಗಂಡಸರು ಯುದ್ಧಕ್ಕೆ ಹೋದುದರಿಂದ, 1942ನೆಯ ಇಸವಿಯಲ್ಲಿ ಹೆಂಗಸರನ್ನು ನೇಮಿಸಿದರು. ನಾಲ್ಕು ವರ್ಷ ನೀರಿನಲ್ಲಿದ್ದ ಮರವು ಆಗಲೂ ಕೊಯ್ಯಲು ಯೋಗ್ಯವಾಗಿತ್ತು.

ಆದರೆ ಕಾರವಾರದ ಸೀಮೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಡುವ ನೀರು ಸಿಹಿನೀರಾಗಿರಬೇಕು. ಕಾಳಿ, ಗಂಗಾವಳಿಗಳ ಅಳಿವೆಯ ಬಳಿ ಉಬ್ಬರದೊಡನೆ ಉಪ್ಪುನೀರು ಏರುವುದು. ಅಲ್ಲಿ ಮುಳುಗಿಸಿದ ದಿಮ್ಮಿಗೆ, ದೋಣಿಗಳ ಅಡಿಯನ್ನು ಕೊರೆಯುವ ಹುಳುವೇ ಬಿದ್ದು ಒಳಗೆಲ್ಲ ತೂತು ಮಾಡುವುದು. ಹೊರಗಿನಿಂದ ಗಟ್ಟಿಯಾಗಿ ಕಾಣುವ ದಿಮ್ಮಿಯು ಕೊಯ್ದಾಗ ಜೇನುಹಟ್ಟಿನಂತೆ ಇರುವುದು. ಊರ ಒಳಗಣ ಕೆರೆಯೇ ಇದಕ್ಕೆ ತಕ್ಕುದು.

3. ಯಂತ್ರಗಳ ಬಗೆ

ಸಾಗಿಸಬಲ್ಲ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಸರಪಳಿ ಗರಗಸಕ್ಕೆ ಕಬ್ಬಿಣದ ಚೌಕಟ್ಟನ್ನು ಜೋಡಿಸಿದ್ದು. ಒಂದಿಬ್ಬರು ಹೊತ್ತೊಯ್ಯಬಹುದು. ಎಷ್ಟೇ ಕಡಿದಾದ ಸ್ಥಳಕ್ಕೂ ಹೋಗುವುದು, ಬೆಲೆಯೂ ಕಡಿಮೆ. ಆದರೆ ಕೆಲಸ ನಿಧಾನ, ದುಡಿಯುವವನಿಗೆ ಶ್ರಮ ಹೆಚ್ಚು, ಹುಡಿಯಾಗಿ ಹೋಗುವ ಮರವೂ ಹೆಚ್ಚು.

ಎರಡನೆಯದು ಪಟ್ಟಿ ಗರಗಸದ ಗಿರಣಿ. ದಿಮ್ಮಿಯನ್ನು ಹಳಿಯಂತಹ ಹಾಸಿನ ಮೇಲೆ ಮಲಗಿಸಿ ಬಿಗಿದರೆ, ಗರಗಸದ ತಲೆಯು ಅದರ ಉದ್ದಕ್ಕೂ ಚಲಿಸುತ್ತ ಕೊಯ್ಯುವುದು. ಪಟ್ಟಿಯು ತೆಳುವಾದುದರಿಂದ ಮರ ಬಹಳ ಉಳಿಯುವುದು. ಚಕ್ರಗಳ ಮೇಲೆ ಎಳೆದೊಯ್ಯುವಂತಹದು ದಾರಿಯಿದ್ದಲ್ಲಿಗೆ ಮಾತ್ರ ಬರುವುದು. ಅದರ ಬಾಯಿಗೂ ಮಿತಿಯುಂಟು. ಸಣ್ಣ ಗಿರಣಿಗಳಲ್ಲಿ ಸುಮಾರು ಎರಡೂವರೆ ಅಡಿಗಿಂತ ದಪ್ಪನೆಯ ದಿಮ್ಮಿ ಹಿಡಿಸದು. ಅಂತಹ ಹೆಮ್ಮರವನ್ನು ಮೊದಲು ಸರಪಳಿ ಗರಗಸದಿಂದ ಉದ್ದಕ್ಕೆ ಎರಡು ಅಥವಾ ನಾಲ್ಕು ಸೀಳು ಮಾಡಿಕೊಳ್ಳಬೇಕು.

ಮೂರನೆಯದು ತಿರುಗುವ ಚಕ್ರ ಗರಗಸ. ಇದರಲ್ಲಿ ದಿಮ್ಮಿಯು ಬಿದ್ದಲ್ಲಿಯೇ ಇರುವುದು. ಅದರ ಮೇಲೆ ಚೌಕಟ್ಟನ್ನು ನಿಲ್ಲಿಸಿ ಚಕ್ರವನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ ತಿರುಗಿಸಿ ಕೊಯ್ಯುವರು. ಹೊರಳಿಸಲಾಗದ ಭಾರಿ ದಿಮ್ಮಿಗಳಿಗೆ ಇದು ಅನುಕೂಲ. ಆದರೆ ಬಹಳ ಅಗಲದ ಹಲಗೆ ಸಿಕ್ಕದು. ರಸ್ತೆಗಳಿಲ್ಲದ ಪಪುವಾ ನ್ಯೂಗಿನಿಯ ಹಳ್ಳಿಗಳಲ್ಲಿ, ಬಿಡಿಭಾಗಗಳಾಗಿ ಹೊತ್ತೊಯ್ಯುವ ‘ವೋಕಬೌಟ್’, ಎಂದರೆ ‘ನಡೆದಾಡುವ’, ಎಂಬ ಹೆಸರಿನ ಚಿಕ್ಕ ಗಿರಣಿಯು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳಕೆಗೆ ಬಂದಿತು.

ಗರಗಸದ ದಾರಿಯಲ್ಲಿ ಎಷ್ಟು ಮರ ಹುಡಿಯಾಗುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 24 ಅಂಗುಲ ದಪ್ಪನಾದ ಚೌಕ ತೊಲೆಯನ್ನು ಒಂದಂಗುಲದ ಹಲಗೆಗಳಾಗಿ ಕೊಯ್ಯಬೇಕೆಂದಿಟ್ಟುಕೊಳ್ಳೋಣ. ಪಟ್ಟಿ ಗರಗಸವು ಪ್ರತಿ ಕೊಯ್ತಕ್ಕೆ ಅಂಗುಲದ ಎಂಟನೆಯ ಒಂದು ಪಾಲನ್ನು ತಿಂದರೆ 21 ಹಲಗೆಗಳು ದೊರೆಯುವುವು. ಸರಪಳಿ ಗರಗಸವು ಎಂಟನೆಯ ಮೂರು ಪಾಲನ್ನು ತಿಂದರೆ 17 ಮಾತ್ರ. ಒಂದೇ ತೊಲೆಯಲ್ಲಿ ನಾಲ್ಕು ಹಲಗೆಗಳ ಅಂತರ. ಆದರೆ ಪಟ್ಟಿ ಗರಗಸವು ಹೋಗಲಾರದ ಕಣಿವೆಯಲ್ಲಿ 17 ಹಲಗೆಗಳೂ ಲಾಭವೇ. ಕೊಳೆತ ದಿಮ್ಮಿಯಿಂದ ಒಂದೂ ಬಾರದು.

4. ಕೊಯ್ಯುವ ಮುನ್ನ ಪರೀಕ್ಷೆ

ನೆರೆಯಲ್ಲಿ ಉರುಳಿದ ದಿಮ್ಮಿಯ ಸಿಪ್ಪೆಯೊಳಗೆ ಮರಳೂ ಹರಳೂ ಸೇರಿರುವುವು. ಮನೆಯ ಹತ್ತಿರ ಬೆಳೆದ ಮರದಲ್ಲಿ ಬೇಲಿಯ ತಂತಿ, ದನ ಕಟ್ಟಿದ ಗೂಟ, ಹಳೆಯ ಮೊಳೆ ಇವು ಕಾಂಡದೊಳಗೆ ಹುದುಗಿರುವುದುಂಟು. ಒಂದು ಮೊಳೆ ಸಾಕು, ಗರಗಸದ ಪಟ್ಟಿ ಹಾಳಾಗುವುದಕ್ಕೆ. ಆದುದರಿಂದ ಸಿಪ್ಪೆ ಸುಲಿದು, ನೀರಿನಿಂದ ಚೆನ್ನಾಗಿ ತೊಳೆದು, ಲೋಹಶೋಧಕವಿದ್ದರೆ ಅದನ್ನು ಆಡಿಸಿ ನೋಡಬೇಕು. ಕೆಚ್ಚಿನಲ್ಲಿ ಕಪ್ಪು ನೀಲಿಯ ಕಲೆಯೊಂದು ಒಂಟಿಯಾಗಿ ಕಂಡರೆ ಅಲ್ಲಿ ಕಬ್ಬಿಣವಿದೆಯೆಂದು ಶಂಕಿಸತಕ್ಕದ್ದು. ಪಟ್ಟಿ ಮುರಿದರೆ ನಷ್ಟ ಯಾರದೆಂಬುದನ್ನು ಯಂತ್ರದವನೊಡನೆ ಮೊದಲೇ ಬರೆದುಕೊಳ್ಳುವುದು ಲೇಸು.

ಗಾಳಿಗೆ ಬಿದ್ದ ಮರದಲ್ಲಿ ಮತ್ತೊಂದು ದೋಷವಿರಬಹುದು. ಬೀಳುವ ಮೊದಲು ಬಿಲ್ಲಿನಂತೆ ಬಾಗಿದ ಕಾಂಡದ ಒಳಗೆ ಎಳೆಗಳು ಜಜ್ಜಿಹೋಗಿ, ಅಡ್ಡಲಾಗಿ ಕೂದಲೆಳೆಯಂತಹ ಸುಕ್ಕುಗಳು ಉಂಟಾಗಿರುವುವು. ಇವು ಹೊರಗೆ ಕಾಣವು. ಹಲಗೆಯನ್ನು ಕೀಸಿದಾಗ ಮಾತ್ರ ತೋರುವುವು. ಇಂತಹ ಸುಕ್ಕುಳ್ಳ ಮರವನ್ನು ತೊಲೆ, ಜಂತಿ, ಏಣಿ, ಕಾಲುಸಂಕ ಇವುಗಳಿಗೆ ಎಂದಿಗೂ ಬಳಸಬಾರದು. ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯುವುದು. ಪೆಟ್ಟಿಗೆ, ಬಾಗಿಲ ಹಲಗೆ, ಅಟ್ಟದ ಮುಚ್ಚಿಗೆಗೆ ಇದು ಅಡ್ಡಿಯಿಲ್ಲ.

5. ಕೊಯ್ಯುವ ರೀತಿ

ಏನು ಬೇಕೆಂಬುದನ್ನು ಮೊದಲೇ ಪಟ್ಟಿಮಾಡಿ ಯಂತ್ರದವನಿಗೆ ಕೊಡಬೇಕು. ಹೆಬ್ಬಲಸು ದೋಣಿಯ ಕೆಲಸಕ್ಕೂ, ಹಲಸು ಬಾಗಿಲು ಪೆಟ್ಟಿಗೆಗಳಿಗೂ, ಮತ್ತಿ ನಂದಿಗಳು ತೊಲೆ ಪಕಾಸುಗಳಿಗೂ ಸಲ್ಲುವುವು. ಗಜನಿ ಗದ್ದೆಗಳ ತೂಬಿನ ಹಲಗೆಯು ಸದಾ ಉಪ್ಪುನೀರಿನಲ್ಲಿ ನಿಲ್ಲಬೇಕಾದುದರಿಂದ ಅದಕ್ಕೆ ಗಟ್ಟಿಯಾದ ಕೆಚ್ಚನ್ನೇ ಮೀಸಲಿಡಬೇಕು. ಬಿಳಿಯ ಭಾಗ ಸ್ವಲ್ಪವೂ ಸೇರಬಾರದು. ತೂಬು ಒಡೆದು ಒಂದು ಸಲ ಉಪ್ಪುನೀರು ನುಗ್ಗಿದರೆ ಇಡೀ ಬಯಲಿನ ಬತ್ತಕ್ಕೆ ಹಾನಿ.

ದಿಮ್ಮಿಯ ನಡುಗರ್ಭವು ಒಣಗುವಾಗ ಸೀಳುವುದು. ಆದುದರಿಂದ ಅದನ್ನು ಒಂದು ದಪ್ಪ ತೊಲೆಯೊಳಗೆ ಇರಿಸಿಬಿಡಬೇಕು ಅಥವಾ ಎರಡು ಪಕ್ಕಗಳಿಂದ ಕೊಯ್ದು ಬೇರ್ಪಡಿಸಬೇಕು. ಮರವು ಸುತ್ತಿನ ದಿಕ್ಕಿನಲ್ಲಿ ಕುಗ್ಗುವಷ್ಟರ ಸುಮಾರು ಅರ್ಧದಷ್ಟು ಮಾತ್ರ ನಡುವಿನಿಂದ ಹೊರಕ್ಕೆ ಕುಗ್ಗುವುದು. ಹಾಗಾಗಿ ನಡುವಿನಿಂದ ಹೊರಕ್ಕೆ ಕೊಯ್ದ ಹಲಗೆ ನೆಟ್ಟಗೆ ನಿಲ್ಲುವುದು. ಅಂಚಿನ ಹಲಗೆ ದೋಣಿಯಂತೆ ಡೊಂಕಾಗುವುದು. ಬಾಗಿಲಿಗೆ ಮೊದಲನೆಯದನ್ನೂ ಮುಚ್ಚಿಗೆಗೆ ಎರಡನೆಯದನ್ನೂ ಆರಿಸಿಕೊಳ್ಳಬೇಕು. ಕುಗ್ಗುವುದಕ್ಕೂ ಕೀಸುಳಿಗೂ ಸೇರಿಸಿ, ಒಂದಂಗುಲ ಬೇಕಾದಲ್ಲಿ ಎಂಟನೆಯ ಒಂದು ಪಾಲನ್ನಾದರೂ ಹೆಚ್ಚಿಗೆ ಕೊಯ್ಯಿಸಬೇಕು. ಜಂಬೆ, ಮತ್ತಿಗಳಂತಹ ಗಟ್ಟಿಮರಗಳಲ್ಲಿ ಯಂತ್ರವನ್ನು ಅವಸರಪಡಿಸಿದರೆ ಪಟ್ಟಿಯು ಅಲೆಯಾಡಿ ಹಲಗೆಯ ದಪ್ಪ ಏರುಪೇರಾಗುವುದು. ದಿಮ್ಮಿಯ ಅಳತೆಯಷ್ಟೂ ಹಲಗೆ ಬಾರದು. ಸಿಪ್ಪೆ, ಬದಿ, ಹುಡಿ ಕಳೆದು ಅರ್ಧಕ್ಕಿಂತ ತುಸು ಹೆಚ್ಚು ದೊರೆತರೆ ಕೆಲಸ ಚೆನ್ನಾಯಿತೆನ್ನಬಹುದು. ಬದಿಯ ಹಲಗೆಗಳು ಬೇಲಿಗೂ ಉರುವಲಿಗೂ ಆಗುವುವು.

6. ಅಟ್ಟಿ ಕಟ್ಟುವುದು

ಚೆನ್ನಾಗಿ ಕೊಯ್ದ ಹಲಗೆಯು ಅಂಗಳದಲ್ಲಿ ರಾಶಿ ಬಿದ್ದು ಕೆಡುವುದು ಎಲ್ಲೆಡೆಯೂ ಕಾಣುವ ಸಂಗತಿ. ಕೊಯ್ದ ದಿನವೇ ಅಟ್ಟಿ ಕಟ್ಟಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಮಟ್ಟವಾದ ಕಲ್ಲಿನ ಆಧಾರ, ಅದರ ಮೇಲೆ ಅಡ್ಡ ತೊಲೆ, ಅದರ ಮೇಲೆ ಹಲಗೆಗಳ ಸಾಲು. ಪ್ರತಿ ಸಾಲಿನ ನಡುವೆ ಒಂದಂಗುಲ ಚೌಕದ ಒಣ ರೀಪುಗಳನ್ನು ಒಂದೂವರೆಯಿಂದ ಎರಡು ಅಡಿಗೊಂದರಂತೆ ಇಡಬೇಕು. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರತಕ್ಕದ್ದು. ತಪ್ಪಿದರೆ ಹಲಗೆ ಬಾಗುವುದು. ಮೇಲೆ ಭಾರದ ಕಲ್ಲುಗಳನ್ನು ಹೇರಿ, ನೀರು ಬೀಳದಂತೆ ಮಾಡು ಹಾಕಿ, ಬದಿಗಳನ್ನು ಗಾಳಿಗೆ ತೆರೆದಿಡಬೇಕು. ಬಿಳಿಯ ಭಾಗಕ್ಕೆ ಹುಡಿಹುಳು ಬೀಳದಂತೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಹಸಿ ಹಲಗೆಯನ್ನು ಅದ್ದುವುದುಂಟು. ಇದು ಮಳೆಗೆ ತೊಳೆದುಹೋಗುವುದರಿಂದ ಮನೆಯೊಳಗಿನ ಕೆಲಸಕ್ಕೆ ಮಾತ್ರ. ಇದರ ಪ್ರಮಾಣವನ್ನೂ ವಿಧಾನವನ್ನೂ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿಂದ ಕೇಳಿ ತಿಳಿಯಬಹುದು.

ಕರಾವಳಿಯಲ್ಲಿ ಕೊಯ್ತಕ್ಕೆ ಒಳ್ಳೆಯ ಕಾಲವು ಮಳೆ ನಿಂತ ಅಕ್ಟೋಬರ್, ನವೆಂಬರ್ ತಿಂಗಳುಗಳು. ಆಗ ಕೊಯ್ದ ಒಂದಂಗುಲದ ಹಲಗೆಯು ಮೇ ತಿಂಗಳ ಹೊತ್ತಿಗೆ ಸಾಧಾರಣ ಕೆಲಸಕ್ಕೆ ಒದಗಬಹುದು. ದಪ್ಪನೆಯ ತೊಲೆಗೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುವಾಗ ಮತ್ತಿಯಂತಹ ಮರದ ಮೈ ಬಿರಿಯುವುದರಿಂದ ಆ ಬದಿಗೆ ತಟ್ಟಿಯ ಮರೆ ಕಟ್ಟಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಬೇಕು. ಎರಡು ತಿಂಗಳ ತೂಕ ಒಂದೇ ಆದರೆ ಒಣಗಿತೆಂದರ್ಥ.

7. ಪ್ರಾಣಾಪಾಯದ ಎಚ್ಚರಿಕೆ

ಬುಡಸಮೇತ ಬಿದ್ದ ಮರದ ಕಾಂಡವನ್ನು ಕತ್ತರಿಸಿದೊಡನೆ ಬೇರಿನ ಮುದ್ದೆಯು ಮಣ್ಣಿನೊಡನೆ ಹಿಂದಕ್ಕೆ ನೆಟ್ಟಗಾಗಬಹುದು ಅಥವಾ ಮುಂದಕ್ಕೆ ಮಗುಚಬಹುದು. ಅದರ ಹಿಂದೆಯಾಗಲಿ ಗುಂಡಿಯಲ್ಲಾಗಲಿ ಯಾರೂ ನಿಲ್ಲಕೂಡದು. ಮಕ್ಕಳು ಹತ್ತಿರ ಸುಳಿಯಕೂಡದು. ಬಾಗಿ ಸಿಕ್ಕಿಕೊಂಡ ಕೊಂಬೆಯು ಕತ್ತರಿಸಿದಾಗ ಬಿಲ್ಲಿನಂತೆ ಸಿಡಿಯುವುದು. ಇಳಿಜಾರಿನಲ್ಲಿ ದಿಮ್ಮಿಯ ಕೆಳಬದಿಗೆ ನಿಲ್ಲಬಾರದು. ಹೊರಳಿಸುವ ಮೊದಲು ಬೆಣೆ ಕೊಡಬೇಕು. ವಿದ್ಯುತ್ ತಂತಿಯ ಮೇಲೆ ಬಿದ್ದ ಮರವನ್ನು ಹೆಸ್ಕಾಂ ನೌಕರರು ಬಂದು ವಿದ್ಯುತ್ತನ್ನು ನಿಲ್ಲಿಸುವ ತನಕ ಮುಟ್ಟಬಾರದು. ಕುಸಿದ ಗುಡ್ಡದ ಮಣ್ಣಿನಲ್ಲಿ ಸಿಕ್ಕಿದ ದಿಮ್ಮಿಯು ಎಷ್ಟೇ ಬೆಲೆಯುಳ್ಳದ್ದಾದರೂ ಮಳೆಗಾಲ ಮುಗಿಯುವ ತನಕ ಅದನ್ನು ಎಳೆಯಬಾರದು. ಮೇಲಿನ ಮಣ್ಣಿಗೆ ಅದೇ ಒತ್ತಾಗಿ ನಿಂತಿರಬಹುದು.

8. ಗ್ರಾಮದ ಏರ್ಪಾಡು

ಒಂದೇ ದಿಮ್ಮಿಗಾಗಿ ಯಂತ್ರವನ್ನು ದೂರದಿಂದ ತರಿಸಿದರೆ ಸಾಗಣೆಯ ಖರ್ಚೇ ಮರದ ಬೆಲೆಯನ್ನು ನುಂಗುವುದು. ಒಂದು ಗ್ರಾಮದಲ್ಲಿ, ಅಥವಾ ನೆರೆಹೊರೆಯ ಎರಡು ಮೂರು ಗ್ರಾಮಗಳಲ್ಲಿ, ಬಿದ್ದ ಮರಗಳನ್ನು ಒಟ್ಟಿಗೆ ಲೆಕ್ಕಹಾಕಿ ಯಂತ್ರವು ಒಮ್ಮೆ ಬಂದು ಎಲ್ಲವನ್ನೂ ಕೊಯ್ದುಹೋಗುವಂತೆ ಏರ್ಪಡಿಸಿದರೆ ಖರ್ಚು ಹಂಚಿಹೋಗುವುದು. ಈ ಕೆಲಸಕ್ಕೆ ಗ್ರಾಮ ಪಂಚಾಯತಿಯೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘವೂ ತಕ್ಕ ಸ್ಥಳಗಳು.

ಇದಕ್ಕಾಗಿ ಮುಖಂಡರು ಒಂದು ಪುಸ್ತಕವನ್ನಿಡಬೇಕು. ಅದರಲ್ಲಿ ಒಡೆಯನ ಹೆಸರು, ಸರ್ವೆ ನಂಬರು, ಮರದ ಜಾತಿ, ಬಿದ್ದ ತಾರೀಖು, ಸುತ್ತಳತೆ, ಉದ್ದ, ಅರಣ್ಯ ಇಲಾಖೆಗೆ ವರದಿ ಕೊಟ್ಟ ತಾರೀಖು ಇವನ್ನು ಬರೆಯಬೇಕು. ದಿಮ್ಮಿಯ ಅಳತೆಗೆ ರೂಢಿಯಲ್ಲಿರುವ ಸುಲಭ ಸೂತ್ರವು ಹೀಗಿದೆ: ನಡುವಿನ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಪುನಃ ಗುಣಿಸುವುದು. ಎಂಟು ಅಡಿ ಸುತ್ತಳತೆಯ, ಹನ್ನೆರಡು ಅಡಿ ಉದ್ದದ ದಿಮ್ಮಿಯು ಈ ಲೆಕ್ಕದಲ್ಲಿ 48 ಘನ ಅಡಿಯಾಗುವುದು. ಕೂಲಿಯನ್ನು ದಿನದ ಮೇಲೆ ಗೊತ್ತುಮಾಡುವುದಕ್ಕಿಂತ ಕೊಯ್ದ ಹಲಗೆಯ ಘನ ಅಡಿಯ ಮೇಲೆ ಗೊತ್ತುಮಾಡಿದರೆ ವ್ಯಾಜ್ಯಕ್ಕೆ ಎಡೆಯಿಲ್ಲ.

ಹೆಮ್ಮರವು ಬೀಳುವುದನ್ನು ತಡೆಯಲು ಯಾರಿಂದಲೂ ಆಗದು. ಆದರೆ ಬಿದ್ದ ಮೊದಲ ವಾರದಲ್ಲಿ ವರದಿ ಬರೆದು, ತುದಿಗಳಿಗೆ ಡಾಂಬರು ಬಳಿದು, ದಿಮ್ಮಿಯನ್ನು ಕಲ್ಲಿನ ಮೇಲೇರಿಸುವುದು ಎಲ್ಲ ಒಡೆಯರಿಂದಲೂ ಆಗತಕ್ಕ ಕೆಲಸ. ಇಷ್ಟನ್ನು ಮಾಡಿದವನು ಮಳೆಗಾಲ ಕಳೆದು ಯಂತ್ರ ಬರುವ ತನಕ ನಿಶ್ಚಿಂತೆಯಿಂದ ಕಾಯಬಹುದು. ಬರುವ ಮಳೆಗಾಲದ ಮುಂಚೆಯೇ ಪ್ರತಿ ಗ್ರಾಮದಲ್ಲಿ ಪುಸ್ತಕವೊಂದನ್ನೂ ಡಾಂಬರಿನ ಡಬ್ಬಿಯೊಂದನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಉಚಿತ.